ಬೆಳಕು ನುಸುಳದ ಜೋಡಿ

"ಬೆಳಕು ಕಾಣ್ತಾ ಇದೆಯಲ್ಲ," ಅಂದರು ವರ್ಕ್‌ಶಾಪಿನ ಮೇಷ್ಟ್ರು.

ಕಾಣದೆ ಇನ್ನೇನು. ಕಿಟಕಿಗೆ ಎತ್ತಿ ಹಿಡಿದ ಎರಡು ಕಬ್ಬಿಣದ ತುಂಡುಗಳ ನಡುವೆ, ಎಡಗಡೆಯಲ್ಲಿ, ಬಿಸಿಲು ದಾರದಷ್ಟು ಸಣ್ಣಗೆ ಈಚೆ ಬರುತ್ತಿತ್ತು. ಒಂದು ತುಂಡು ಮೆಣಸಿನದು, ಇನ್ನೊಂದು ಅವಳ ಹೊಸ ಜೊತೆಗಾರ ಪಾಪಣ್ಣನದು. ಪಾಪಣ್ಣ ಅನ್ನುವುದು ಆ ಹುಡುಗನ ಹೆಸರಲ್ಲ. ಯಾರು ಬೈದರೂ ಮಿಕಿಮಿಕಿ ನೋಡುತ್ತ ನಿಲ್ಲುತ್ತಾನೆಂದು ಕ್ಲಾಸಿನವರು ಇಟ್ಟದ್ದು. ಮೆಣಸು ಅನ್ನುವುದೂ ಹೆಸರಲ್ಲ. ಆಳು ಮೊಳದುದ್ದ, ಕೋಪ ಮಾರುದ್ದ ಎಂದು ಅವಳ ಮೊದಲಿನ ಜೊತೆಗಾತಿ ಕಟ್ಟಿದ ಹೆಸರು. ಆ ಜೊತೆಗಾತಿ ಈಗ ಕಾಲೇಜಿನಲ್ಲಿಲ್ಲ. ಕಥೆ ಇರುವುದೇ ಅದರಲ್ಲಿ.

ಮೇಷ್ಟ್ರು ಮೂಲೆಮಟ್ಟ ಇಟ್ಟು ತೋರಿಸಿದರು. "ನಿನ್ನದೇ ಓರೆ. ಈ ಹುಡುಗನದು ಡ್ರಾಯಿಂಗ್ ಪ್ರಕಾರ ಸರಿಯಾಗಿದೆ. ನೀನು ಎಡಗಡೆ ಜಾಸ್ತಿ ಉಜ್ಜಿದೀಯ. ಬಿಸಾಕಮ್ಮ ಇದನ್ನ, ಹೊಸ ತುಂಡು ತಗೋ."

"ನಂದೇ ಏನೋ ತಪ್ಪಿರಬೇಕು ಸರ್," ಅಂದ ಪಾಪಣ್ಣ. ಹೀಗನ್ನುವುದೂ ಅವನ ರೂಢಿ.

"ಇದು ಸರಿಯಾಗೇ ಕೂರುತ್ತೆ ಸರ್," ಅಂದಳು ಮೆಣಸು. "ಇದರ ಜೋಡಿ ತುಂಡಿಗೆ."

"ಎಲ್ಲಿದೆ ಇದರ ಜೋಡಿ?"

ಅವಳು ತುಂಡನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕಬ್ಬಿಣ ಕಚ್ಚಿ ಹಿಡಿಯುವ ತನ್ನ ವೈಸಿನ ಮುಂದೆ ಹೋಗಿ ನಿಂತಳು. ಪಕ್ಕದ ವೈಸ್ ಬಾಯಿ ತೆರೆದುಕೊಂಡು ಖಾಲಿ ಇತ್ತು.

ಎಂಜಿನಿಯರಿಂಗಿನ ಮೊದಲ ವರ್ಷಕ್ಕೆ ಸೇರಿದವರೆಲ್ಲ, ಮುಂದೆ ಕಂಪ್ಯೂಟರ್ ಹಿಡಿಯುವವರೂ ಸೇತುವೆ ಕಟ್ಟುವವರೂ, ವಾರಕ್ಕೊಂದು ಮಧ್ಯಾಹ್ನ ಈ ಶೆಡ್ಡಿಗೆ ಬಂದು ಕಬ್ಬಿಣ ಉಜ್ಜಲೇಬೇಕು. ಅಂಗೈಯಗಲದ ಎರಡು ತುಂಡು. ಒಂದರಲ್ಲಿ ವಿ ಆಕಾರದ ಕಚ್ಚು, ಇನ್ನೊಂದರಲ್ಲಿ ಆ ಕಚ್ಚಿನೊಳಗೆ ಕೂರುವ ಮೊನೆ. ಗರಗಸದಲ್ಲಿ ಒರಟಾಗಿ ಕೊಯ್ದು, ಆಮೇಲೆ ವರ್ಷವಿಡೀ ಅರ ಹಿಡಿದು ಉಜ್ಜಿ ಉಜ್ಜಿ ಅಳತೆಗೆ ತರುವುದು. ಕೊನೆಗೆ ಎರಡನ್ನೂ ಕೂಡಿಸಿ ಕಿಟಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಬೆಳಕು ಕಂಡರೆ ಅಂಕ ಹೋಯಿತು. ಇಡೀ ಕಾಲೇಜಿನಲ್ಲಿ ಕತ್ತಲೆ ಕಂಡು ಖುಷಿಪಡುವ ಜಾಗ ಇದೊಂದೇ.

ಹಿಂದೆಲ್ಲ ಎರಡು ತುಂಡನ್ನೂ ಒಬ್ಬರೇ ಮಾಡುತ್ತಿದ್ದರು. ಒಂದು ಇವರಿಗೆ, ಒಂದು ಅವರಿಗೆ ಎಂದು ಹಂಚಿಸಿದ್ದು ಮೊದಲ ವರ್ಷದ ಉಸ್ತುವಾರಿ ಮೇಡಂ. ಅವರ ಸಂಕಟ ಅವರಿಗೆ. ವರ್ಷದ ಶುರುವಿನಲ್ಲಿ ಕೂರಲು ಜಾಗವಿಲ್ಲದ ಕ್ಲಾಸು ಎರಡನೇ ಸೆಮಿಸ್ಟರಿಗೆ ಹಲ್ಲು ಬಿದ್ದ ಬಾಯಿಯಂತೆ ಆಗುತ್ತಿತ್ತು. ಹೋದವರು ಯಾರೂ ಜಗಳ ಮಾಡಿ ಹೋದವರಲ್ಲ. ಮೊದಲು ಹಿಂದಿನ ಬೆಂಚಿಗೆ ಹೋಗುತ್ತಾರೆ, ಆಮೇಲೆ ಬಾಗಿಲ ಪಕ್ಕದ ಬೆಂಚಿಗೆ, ಆಮೇಲೆ ಒಂದು ದಿನ ಬರುವುದೇ ಇಲ್ಲ. ಹೀಗೆ ಯಾರಿಗೂ ಗೊತ್ತಾಗದೆ ಜಾರಿಹೋಗುವುದು ಮೇಡಂಗೆ ತಡೆಯಲಾಗಲಿಲ್ಲ. ಅದಕ್ಕೆ ಎಲ್ಲರನ್ನೂ ಜೋಡಿ ಜೋಡಿ ಮಾಡಿದರು. ಗಣಿತದ ಲೆಕ್ಕ ಒಟ್ಟಿಗೆ, ಲ್ಯಾಬು ಒಟ್ಟಿಗೆ, ವರ್ಕ್‌ಶಾಪಿನಲ್ಲಂತೂ ಒಬ್ಬರ ಕಬ್ಬಿಣ ಇನ್ನೊಬ್ಬರ ಕಬ್ಬಿಣದೊಳಗೆ. ಹೀಗೆ ಕಟ್ಟಿಹಾಕಿದರೆ ಎಲ್ಲಿಗೆ ಹೋಗುತ್ತಾರೆ ನೋಡೋಣ ಎಂದು.

ಒಳ್ಳೆಯ ಯೋಜನೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಜೋಡಿಯಲ್ಲಿ ಒಬ್ಬರು ಹೋಗೇಬಿಟ್ಟರೆ ಉಳಿದವರ ಗತಿಯೇನು ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಕೇಳಿದರೆ, ಉಳಿದ ಇನ್ನೊಬ್ಬರ ಜೊತೆ ಸೇರಿಸುತ್ತೇವೆ ಅಂದರು. ಕಳೆದುಹೋದ ಚಪ್ಪಲಿಗೆ ಬದಲು ಇನ್ಯಾರದೋ ಒಂಟಿ ಚಪ್ಪಲಿ ಕೊಟ್ಟು, ನಡಿ, ಈಗ ಸರಿಹೋಯಿತಲ್ಲ ಅಂದ ಹಾಗೆ.

ಹೋದವಳನ್ನು ಕೊಕ್ಕರೆ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಮೆಣಸು, ತನಗೆ ಹೆಸರಿಟ್ಟ ಸೇಡಿಗೆ. ಉದ್ದನೆಯ ಹುಡುಗಿ, ಉದ್ದನೆಯ ಕೈ, ನಿಧಾನವಾದ ಮಾತು. ವೈಸ್ ಅವಳಿಗೆ ತೀರ ತಗ್ಗು, ಮೆಣಸಿಗೆ ತೀರ ಎತ್ತರ. ಮೇಷ್ಟ್ರು ಒಬ್ಬಳ ಕಾಲ ಕೆಳಗೆ ಹಲಗೆ ಹಾಕಿಸಿದರು, ಇನ್ನೊಬ್ಬಳಿಗೆ ಬಗ್ಗಿ ನಿಲ್ಲು ಅಂದರು. "ನಮ್ಮಿಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ರೆ ವೈಸಿನ ಎತ್ತರ ಸರಿಹೋಗುತ್ತೆ ಸರ್," ಅಂದಿದ್ದಳು ಕೊಕ್ಕರೆ. ಗಣಿತದಲ್ಲಿ ಅವಳು ತಪ್ಪಿಲ್ಲದೆ ಮಾಡಿದ ಲೆಕ್ಕ ಅದೊಂದೇ ಎಂದು ಮೆಣಸು ಆಮೇಲೆ ತಿಂಗಳುಗಟ್ಟಲೆ ಆಡಿಕೊಂಡಳು.

ಗಣಿತ ಮೆಣಸಿಗೆ ನೀರು ಕುಡಿದಷ್ಟು ಸಲೀಸು. ಕೈಕೆಲಸ ಮಾತ್ರ ಆಗುತ್ತಿರಲಿಲ್ಲ. ಅರ ಹಿಡಿದರೆ ಅವಳ ಕೈ ಎಡಕ್ಕೆ ವಾಲುತ್ತಿತ್ತು. ಕೊಕ್ಕರೆ ತನ್ನ ಕೆಲಸ ನಿಲ್ಲಿಸಿ, ಅವಳ ಎಡ ಮೊಣಕೈಗೆ ಒಂದು ಬೆರಳು ಆನಿಸಿ ನಿಲ್ಲುತ್ತಿದ್ದಳು. ಒತ್ತುತ್ತಿರಲಿಲ್ಲ. ಬೆರಳು ಅಲ್ಲಿದೆ ಅನ್ನುವುದು ಗೊತ್ತಾದರೆ ಸಾಕು, ಕೈ ನೆಟ್ಟಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಕೊಕ್ಕರೆ ನೀರು ಕುಡಿಯಲು ಹೋಗಿದ್ದಾಗ ಮೆಣಸು ಭರದಲ್ಲಿ ಉಜ್ಜಿದಳು. ಅವಳು ತಿರುಗಿ ಬರುವಷ್ಟರಲ್ಲಿ ಕಚ್ಚಿನ ಎಡಗೋಡೆ ಓರೆಯಾಗಿ ಹೋಗಿತ್ತು. ಕಬ್ಬಿಣವೇನು ಅಳಿಸಿ ಬರೆಯುವ ಲೆಕ್ಕವೇ, ತೆಗೆದದ್ದು ಹೋಯಿತು. ಮೆಣಸಿನ ಮುಖ ಸಣ್ಣದಾಯಿತು, ಕಣ್ಣು ತುಂಬಿಕೊಂಡಿತು. ಕೊಕ್ಕರೆ ತುಂಡನ್ನು ಕಿಟಕಿಗೆ ಹಿಡಿದು ನೋಡಿದಳು, ತನ್ನ ಇನ್ನೂ ಮುಗಿಯದ ಮೊನೆಯನ್ನು ಅದರ ಪಕ್ಕ ಇಟ್ಟು ನೋಡಿದಳು.

"ಅಳಬೇಡ ಮಾರಾಯ್ತಿ," ಅಂದಳು. "ನೀನು ಜಾಸ್ತಿ ತೆಗೆದೆ, ನಾನು ಕಮ್ಮಿ ತೆಗೀತೀನಿ. ಮುಗೀತು."

ಹಾಗೇ ಮಾಡಿದಳು. ಎಲ್ಲಿ ಮೆಣಸಿನ ಕಚ್ಚು ಅಗಲವಾಗಿತ್ತೋ ಅಲ್ಲಿ ತನ್ನ ಮೊನೆಯನ್ನು ದಪ್ಪವಾಗಿಯೇ ಉಳಿಸಿದಳು. ಡ್ರಾಯಿಂಗನ್ನು ಇಬ್ಬರೂ ತಿರುಗಿ ನೋಡಲಿಲ್ಲ. ಆಮೇಲಿಂದ ಅವರು ಉಜ್ಜಿದ್ದೆಲ್ಲ ಒಬ್ಬರದಕ್ಕೊಬ್ಬರು ನೋಡಿಕೊಂಡು. ಸೆಮಿಸ್ಟರ್ ಕೊನೆಯಲ್ಲಿ ಕಿಟಕಿಗೆ ಹಿಡಿದಾಗ ಸಂದಿಯಲ್ಲಿ ಒಂದು ಎಳೆ ಬೆಳಕಿಲ್ಲ. ಬಿಡಿಬಿಡಿಯಾಗಿ ಅಳೆಯುವುದು ವರ್ಷದ ಕೊನೆಗೆ ತಾನೇ, ಆಗ ನೋಡಿಕೊಳ್ಳೋಣ ಅಂದುಕೊಂಡರು. ಎರಡೂ ತಪ್ಪು, ಕೂಡಿಸಿದರೆ ಸರಿ. ಮೆಣಸಿಗೆ ಆ ದಿನದಷ್ಟು ಸಂತೋಷ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಆಮೇಲೆ ಫಲಿತಾಂಶ ಬಂತು. ಕೊಕ್ಕರೆ ಗಣಿತದಲ್ಲಿ ಫೇಲು. ಅದೇನು ಆಕಾಶ ಕಳಚಿಬೀಳುವ ಸಂಗತಿಯಲ್ಲ, ಅವಳ ಜೊತೆ ಅರ್ಧ ಕ್ಲಾಸು ಫೇಲಾಗಿತ್ತು. ಆದರೆ ರಜೆ ಮುಗಿದು ಕಾಲೇಜು ತೆರೆದಾಗ ಅವಳು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮೆಣಸು ವರ್ಕ್‌ಶಾಪಿನ ಕಪಾಟು ತೆಗೆಸಿ ನೋಡಿದಳು. ಎಲ್ಲರ ತುಂಡುಗಳೂ ಎಣ್ಣೆ ಸವರಿಸಿಕೊಂಡು ಸಾಲಾಗಿ ಕೂತಿದ್ದವು, ಕೊಕ್ಕರೆಯದೊಂದು ಇರಲಿಲ್ಲ. ಹೊರಗೆ ಒಯ್ಯಕೂಡದೆಂದು ನಿಯಮ. ಒಯ್ದಿದ್ದಾಳೆಂದರೆ ತಂದೇ ತರುತ್ತಾಳೆ ಎಂದು ಮೆಣಸಿನ ಮನಸ್ಸು ಹಿಡಿದ ಹಠ ಬಿಡಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕ್ಲಾಸಿನ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು, ಪಾಠ ಮಾಡುವವರಿಗೇ ಮುಜುಗರವಾಗುವಷ್ಟು.

ಬೆಳಕು ಕಂಡ ಆ ಮಧ್ಯಾಹ್ನವೇ ಮೇಡಂ ಅವಳನ್ನು ಕರೆಸಿಕೊಂಡರು.

"ನಿನ್ನ ಗೆಳತಿಗೆ ನಾನೂ ಹೇಳಿ ಕಳಿಸಿದೆ. ಬಂದು ಒಂದು ಸಹಿ ಹಾಕಿದ್ರೆ ಸಾಕು, ಫೇಲಾದ ಪೇಪರು ಮುಂದೆ ಕಟ್ಟಬಹುದು. ಈ ಶನಿವಾರ ಸಂಜೆವರೆಗೆ ಸೀಟು ಇಟ್ಕೋತೀನಿ. ಅದಾದ ಮೇಲೆ ನನ್ನ ಕೈಲಿ ಇಲ್ಲ."

"ಬರ್ತಾಳೆ ಮೇಡಂ."

"ನೀನು ಆ ತುಂಡು ಬದಲಾಯಿಸಲ್ಲ ಅಂದ್ಯಂತೆ."

"ಅವಳು ಬರ್ತಾಳಲ್ಲ."

ಮೇಡಂ ಅವಳ ಮುಖವನ್ನೇ ನೋಡಿದರು. ಮತ್ತೇನೋ ಕೇಳಬೇಕೆಂದಿದ್ದವರು ಕೇಳದೆ, ಕೊಕ್ಕರೆ ಈಗ ಎಲ್ಲಿದ್ದಾಳೆಂದು ಮಾತ್ರ ಹೇಳಿದರು. ಸೋದರತ್ತೆಯ ಅಂಗಡಿ, ಫೋಟೋಗಳಿಗೆ ಕಟ್ಟು ಹಾಕುವುದು, ಹಳೆ ಪೋಸ್ಟಾಫೀಸಿನ ಹಿಂದಿನ ಬೀದಿ.

ಮನೆಯಲ್ಲಿ ಮೆಣಸು ಊಟದ ಮುಂದೆ ಕೂತು, "ಅವಳು ಬರದಿದ್ರೆ ನಾನೂ ಬಿಡ್ತೀನಿ," ಅಂದಳು. ಅವಳಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಇತರರ ಕಣ್ಣಿಗೆ ಔಷಧಿ ಬಿಟ್ಟು ಬಂದವರು ಮಗಳ ಕಣ್ಣನ್ನೂ ಅದೇ ಕಣ್ಣಿಂದ ನೋಡಿದರು.

"ದಿನಾ ಆ ಫೋನ್ ನೋಡಿ ನೋಡಿ ಕಣ್ಣು ಹಾಳು ಮಾಡ್ಕೊಂಡಿದೀಯ. ಹೋಗಿ ಮುಖ ಕೊಟ್ಟು ಕೇಳು. ಬಿಡೋದು ಇದ್ದೇ ಇದೆ, ಅದಕ್ಕೇನು ಅವಸರ."

ಮಾರನೆಯ ದಿನ ಕ್ಲಾಸು ಮುಗಿದದ್ದೇ ಮೆಣಸು ಹೋದಳು. ಅಂಗಡಿ ಉದ್ದಕ್ಕೆ ಕಿರಿದಾಗಿ, ರೈಲಿನ ಡಬ್ಬಿಯಂತೆ. ಗೋಡೆಗಳ ತುಂಬ ಖಾಲಿ ಚೌಕಟ್ಟುಗಳು. ಮುಂದೆ ಮೇಜಿನ ಹಿಂದೆ ಅತ್ತೆ, ಕನ್ನಡಕ ಹಣೆಯ ಮೇಲೆ, ತುಟಿಗಳ ನಡುವೆ ಸಣ್ಣ ಮೊಳೆಗಳು. ಮೊಳೆ ಕಚ್ಚಿಕೊಂಡೇ ಮಾತಾಡುವುದು ಅವರಿಗೆ ಅಭ್ಯಾಸ.

"ಏನಮ್ಮ, ಡಿಗ್ರಿ ಸರ್ಟಿಫಿಕೇಟಾ?"

"ಇಲ್ಲ, ನಾನಿನ್ನೂ ಮೊದಲನೇ ವರ್ಷ."

"ತಗೊಂಡ ಮೇಲೆ ಬಾ. ಡಿಗ್ರಿ ತಗೊಂಡವರೆಲ್ಲ ಕೊನೆಗೆ ಇಲ್ಲಿಗೇ ಬರೋದು."

ಒಳಗಿನಿಂದ ಕಿಸಕ್ಕೆಂದು ನಗು ಕೇಳಿತು. ಆ ನಗು ಕೇಳಿ ಮೆಣಸು ಅತ್ತ ನಡೆದಳು. ಹಿಂದುಗಡೆ ಒಂದು ಕಿಟಕಿಯ ಕೆಳಗೆ ಕೊಕ್ಕರೆ ನಿಂತಿದ್ದಳು. ಅವಳ ಮುಂದಿನ ಮೇಜು ಅವಳ ಎತ್ತರಕ್ಕೆ ತಕ್ಕಂತಿತ್ತು, ಬೆನ್ನು ಬಗ್ಗಿರಲಿಲ್ಲ. ಕೂದಲಿನ ಮೇಲೆ ಮರದ ಹೊಟ್ಟು.

"ಬಂದ್ಯಾ," ಅಂದಳು ಕೊಕ್ಕರೆ, ನಿನ್ನೆ ಸಂಜೆ ತಾನೇ ಬಿಟ್ಟುಹೋದವರನ್ನು ಕೇಳುವ ಹಾಗೆ.

ಬಸ್ಸಿನಲ್ಲಿ ಮೆಣಸು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಿಗೆ ಬರಲಿಲ್ಲ. "ಫೋನ್ ಯಾಕೆ ಎತ್ತಲ್ಲ?"

"ಎತ್ತಿದ್ರೆ ನೀನು ಬಾ ಅಂತೀಯ. ನಿನಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ, ಬರ್ತೀನಿ ಅಂದ್ಬಿಡ್ತೀನಿ. ಆಮೇಲೆ ಬರಲ್ಲ. ಅದಕ್ಕಿಂತ ಎತ್ತದೇ ಇರೋದು ವಾಸಿ ಅಲ್ವಾ."

ಮೇಜಿನ ಮೇಲೆ ತೆಳು ಕಾಗದದ ಕಟ್ಟೊಂದಿತ್ತು, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಭಾರ ಇಟ್ಟಿತ್ತು. ಮೆಣಸು ನೋಡಿದಳು. ಅದೇ ಮೊನೆ, ಅದೇ ದಪ್ಪ ಎಡಮಗ್ಗುಲು.

"ಇದನ್ನ ತಂದಿದೀಯ ಅಂದ್ರೆ ವಾಪಸ್ ಬರ್ತೀಯ ಅಂದ್ಕೊಂಡಿದ್ದೆ."

"ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಅಷ್ಟೇ ಕಣೇ."

ಮೆಣಸು ಚೀಲದಿಂದ ತನ್ನ ತುಂಡು ತೆಗೆದಳು, ಅವಳೂ ನಿಯಮ ಮುರಿದು ತಂದಿದ್ದಳು. ಕೊಕ್ಕರೆ ಅದನ್ನು ಇಸಿದುಕೊಂಡು, ಬಟ್ಟೆಯಲ್ಲಿ ಒರೆಸಿ, ಎರಡನ್ನೂ ಕೂಡಿಸಿದಳು. ಟಕ್ ಎಂದು ಕೂತವು. ಕಿಟಕಿಗೆ ಎತ್ತಿ ಹಿಡಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಎಲ್ಲೂ ಬೆಳಕಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಅತ್ತೆ ಅಂಗಡಿಯ ಮುಂದಿನಿಂದ ಯಾವುದೋ ಗಾಜಿನ ಅಳತೆ ಕೂಗಿ ಹೇಳುವವರೆಗೆ.

"ಶನಿವಾರದವರೆಗೆ ಸೀಟು ಇದೆ," ಅಂದಳು ಮೆಣಸು. "ಗಣಿತ ನಾನು ಹೇಳ್ಕೊಡ್ತೀನಿ. ಈ ಸಲ ಬೈಯಲ್ಲ."

"ನೀನು ಬೈಯದೆ ಗಣಿತ ಹೇಳ್ಕೊಡೋದು ಆಗೋ ಮಾತಾ."

"ಆಗುತ್ತೆ. ನೋಡ್ತಿರು."

ಕೊಕ್ಕರೆ ನಕ್ಕಳು. ನಗು ನಿಂತ ಮೇಲೆ ಚೌಕಟ್ಟಿನ ಒಂದು ಉದ್ದನೆಯ ಮರದ ಪಟ್ಟಿಯನ್ನು ಎತ್ತಿಕೊಂಡು ಅದರ ತುದಿಯ ಮೇಲೆ ಬೆರಳಾಡಿಸುತ್ತ ಮಾತಾಡಿದಳು. "ಫೇಲಾಗಿದ್ದಕ್ಕೆ ಬಿಟ್ಟಳು ಅಂತ ಎಲ್ಲಾ ಅಂತಾರೆ. ಅನ್ನಲಿ ಬಿಡು. ಆ ಕಾಲೇಜಲ್ಲಿ ನನಗೆ ಅಂತ ಇದ್ದಿದ್ದು ವಾರಕ್ಕೊಂದು ಮಧ್ಯಾಹ್ನ. ಉಳಿದ ದಿನ ಎಲ್ಲಾ ಅದಕ್ಕೆ ಕಾಯ್ತಾ ಕೂತಿರ್ತಿದ್ದೆ. ಬೋರ್ಡ್ ಮೇಲೆ ಅವರು ಬರೀತಿದ್ರು, ನಾನು ಕಿಟಕಿ ನೋಡ್ತಿದ್ದೆ. ನಾಲ್ಕು ವರ್ಷ ಹಾಗೆ ಕಾಯೋಕಾಗುತ್ತಾ ಹೇಳು. ಇಲ್ಲಿ ದಿನಾ ಆ ಮಧ್ಯಾಹ್ನಾನೇ."

"ನನಗೂ ಅದೊಂದೇ ಮಧ್ಯಾಹ್ನ ಇದ್ದಿದ್ದು."

"ಸುಳ್ಳು ಹೇಳ್ಬೇಡ. ಬೋರ್ಡ್ ತುಂಬಾ ಲೆಕ್ಕ ತುಂಬಿದಾಗ ನಿನ್ನ ಮುಖ ಹೇಗಿರುತ್ತೆ ನಾನು ನೋಡಿದೀನಿ. ಹಸಿದವರ ಮುಂದೆ ಊಟ ಬಡಿಸಿದ ಹಾಗಿರುತ್ತೆ."

ಮೆಣಸು ಮೇಜಿನ ಮೇಲಿನ ಮರದ ಹೊಟ್ಟನ್ನು ಬೆರಳಿನಿಂದ ಗುಡ್ಡೆ ಮಾಡಿದಳು. ನಿಜಕ್ಕೆ ಏನಂತ ಎದುರಾಡುವುದು.

"ಅವರು ನಿನಗೆ ಯಾರನ್ನ ಜೋಡಿ ಹಾಕಿದ್ರು?" ಕೇಳಿದಳು ಕೊಕ್ಕರೆ.

"ಪಾಪಣ್ಣನ್ನ. ಬೆಳಕು ಕಾಣುತ್ತೆ."

"ಕಾಣದೆ ಏನು. ಇದು ಓರೆ ಇದೆಯಲ್ಲ." ಕೊಕ್ಕರೆ ಮೆಣಸಿನ ತುಂಡನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. "ಇಲ್ನೋಡು. ಮೇಲಿನ ಅಂಚು ನೀನಿನ್ನೂ ಅಳತೆಗೆ ಇಳಿಸಿಲ್ಲ. ಕಚ್ಚಿನ ಎರಡೂ ಗೋಡೆ ಸ್ವಲ್ಪ ಆಳಕ್ಕೆ ಹೋಗಲಿ, ಮೇಲಿನ ಅಂಚು ಅಷ್ಟೇ ಇಳೀಲಿ. ಓರೆ ಹೋಗುತ್ತೆ. ಹೊಸ ತುಂಡೂ ಬೇಕಾಗಲ್ಲ."

ಮೆಣಸು ಅದನ್ನು ಒಂದೇ ನೋಟಕ್ಕೆ ತಿಳಿದುಕೊಂಡಳು. ಲೆಕ್ಕ ಅವಳಿಗೆ ಗೊತ್ತಿಲ್ಲದ್ದಲ್ಲ. "ಆಮೇಲೆ ನಿನ್ನದಕ್ಕೆ ಕೂರಲ್ಲ."

"ಕೂರಲ್ಲ."

"ನಿನಗೆ ಆವತ್ತೇ ಗೊತ್ತಿತ್ತಾ, ಹೀಗೆ ಸರಿ ಮಾಡಬಹುದು ಅಂತ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

ಕೊಕ್ಕರೆ ಪಟ್ಟಿಯನ್ನು ಕೆಳಗಿಟ್ಟಳು. "ನೀನು ಅಳ್ತಿದ್ದೆ. ಅದೂ ಅಲ್ದೆ, ನನ್ನದು ನಿನ್ನದಕ್ಕೆ ಬಿಟ್ರೆ ಬೇರೆ ಯಾರದಕ್ಕೂ ಕೂರಲ್ಲ ಅಂದ್ರೆ ನನಗೆ ಖುಷಿಯಾಯ್ತು. ಅಲ್ಲಿ ನನ್ನ ಬಿಟ್ರೆ ಆಗಲ್ಲ ಅನ್ನೋದು ಅದೊಂದೇ ಇತ್ತಲ್ಲ."

ಇಷ್ಟು ಕೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಗೆಳತಿಯನ್ನು ಅಪ್ಪಿಕೊಂಡು ಅತ್ತಿರುತ್ತಿದ್ದರು. ಮೆಣಸಿಗೆ ಬಂದದ್ದು ಕೋಪ. ಅವಳಿಗೆ ಯಾವ ಭಾವ ಬಂದರೂ ಮೊದಲು ಕೋಪದ ವೇಷದಲ್ಲೇ ಬರುವುದು, ಏನು ಮಾಡೋಣ.

"ಹಾಗಾದ್ರೆ ನಾನೂ ಬಿಡ್ತೀನಿ. ನೀನಿಲ್ದೆ ನನಗೆ ಯಾವ ಎಂಜಿನಿಯರಿಂಗೂ ಬೇಡ."

"ಬಿಟ್ಟು ಏನ್ಮಾಡ್ತೀಯ? ಇಲ್ಲಿಗೆ ಬಂದು ಗಾಜು ಒಡೀತೀಯಾ? ನಿನ್ನ ಕೈ ಎಡಕ್ಕೆ ವಾಲುತ್ತೆ, ಅತ್ತೆ ಒಂದು ದಿನ ಇಟ್ಕೊಳ್ಳಲ್ಲ."

"ಅರ್ಧ ದಿನ," ಅಂದರು ಅತ್ತೆ ಮುಂದಿನಿಂದ, ಮೊಳೆಗಳ ನಡುವೆ.

ಮೆಣಸು ತನ್ನ ತುಂಡನ್ನು ಕಿತ್ತುಕೊಂಡು ಚೀಲಕ್ಕೆ ತುರುಕಿದಳು. "ಶನಿವಾರ ಗೇಟಲ್ಲಿರ್ತೀನಿ," ಅಂದಳು. ಬೀದಿಯ ತಿರುವಿನಲ್ಲಿ ಮೆಣಸು ತಿರುಗಿ ನೋಡಿದಾಗ ಕೊಕ್ಕರೆ ಬಾಗಿಲಲ್ಲಿ ನಿಂತಿದ್ದಳು, ಕೈ ಬೀಸಲಿಲ್ಲ.

ಶನಿವಾರ ಮಧ್ಯಾಹ್ನದಿಂದ ಮೆಣಸು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುವುದು, ಇಳಿದವರ ತಲೆಗಳ ಮೇಲೆ ಕಣ್ಣು ಹಾಯಿಸುವುದು, ಮತ್ತೆ ಕೂರುವುದು. ಕೊಕ್ಕರೆ ಬಂದರೆ ಹುಡುಕಬೇಕಾಗಿರಲಿಲ್ಲ, ಎಲ್ಲರಿಗಿಂತ ಒಂದು ಗೇಣು ಮೇಲೆ ಕಾಣುತ್ತಿದ್ದಳು. ಒಮ್ಮೆ ಅಷ್ಟೇ ಉದ್ದದ ಹುಡುಗಿಯೊಬ್ಬಳು ಇಳಿದಳು. ಮೆಣಸು ಅರ್ಧ ರಸ್ತೆ ಓಡಿದ ಮೇಲೆ ಅವಳು ತಿರುಗಿದಳು, ಬೇರೆ ಯಾರೋ. ಮೆಣಸು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದವಳಂತೆ ನಟಿಸಿ ಹಿಂದಕ್ಕೆ ಬಂದಳು. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ. ಮೊಣಕೈಗೆ ತಾಗುವ ಒಂದು ಬೆರಳು. ಅದು ಈ ಊರಿನ ಯಾವ ಬಸ್ಸಿನಿಂದಲೂ ಇಳಿಯುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ಮನೆಗೆ ಹೋಗುವವರು ಹೋಗದೆ ಮೆಣಸಿನ ಪಕ್ಕ ನಿಂತು ತಾವೂ ರಸ್ತೆ ನೋಡಿದರು. ಇನ್ನೊಂದು ಬಸ್ಸು ಬಂದು ಹೋಯಿತು.

"ಪ್ರತಿ ವರ್ಷ ಹೀಗೇ ನಿಲ್ತೀನಿ," ಅಂದರು. "ಒಬ್ಬರಾದ್ರೂ ಬಂದಾರು ಅಂತ."

"ಬಂದಿದಾರಾ ಮೇಡಂ?"

"ಒಂದೆರಡು ಸಲ." ಅವಳ ಕಡೆ ತಿರುಗಿ ಕೇಳಿದರು, "ನೀನು ಸೋಮವಾರ ಬರ್ತೀಯ ತಾನೆ?"

ಅವರ ದನಿಯಲ್ಲಿ ಉಸ್ತುವಾರಿಯ ಗತ್ತು ಇರಲಿಲ್ಲ. ಹೆದರಿಕೆ ಇತ್ತು. ಬಿಟ್ಟು ಹೋದವರನ್ನೆಲ್ಲ ಇವರೂ ತನ್ನ ಹಾಗೇ ಕಾದಿದ್ದಾರೆ ಎಂದು ಮೆಣಸಿಗೆ ಅನಿಸಿತು. ತಾನು ಬರದಿದ್ದರೆ ಮುಂದಿನ ಶನಿವಾರ ಈ ಹೆಂಗಸು ತನಗಾಗಿ ಇಲ್ಲಿ ನಿಲ್ಲುತ್ತಾರೆ. ಬೋರ್ಡಿನ ತುಂಬ ತುಂಬುವ ಲೆಕ್ಕ ನೆನಪಾಯಿತು, ಅದು ನೆನಪಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಕೊಕ್ಕರೆ ಹೇಳಿದ್ದು ಸರಿ. ಹಸಿವು ಇತ್ತು, ಕೊಕ್ಕರೆ ಇಲ್ಲದಿದ್ದರೂ ಇತ್ತು.

"ವರ್ಕ್‌ಶಾಪ್ ತೆಗೆದಿದ್ಯಾ ಮೇಡಂ ಈಗ?" ಕೇಳಿದಳು.

ಮೇಷ್ಟ್ರು ಒಬ್ಬರೇ ಕೂತು ಅರಗಳ ಹಲ್ಲಿಗೆ ಸಿಕ್ಕಿದ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದರು. ಮೆಣಸು ಹಲಗೆಯ ಮೇಲೆ ಹತ್ತಿ ನಿಂತು, ತುಂಡನ್ನು ವೈಸಿಗೆ ಬಿಗಿದಳು. ಅರವನ್ನು ಕಚ್ಚಿನ ಗೋಡೆಯ ಮೇಲಿಟ್ಟಳು. ಕೈ ಮುಂದಕ್ಕೆ ಹೋಗಲಿಲ್ಲ. ಒಂದು ಸಲ ಉಜ್ಜಿದರೆ ಮುಗಿಯಿತು, ಆಮೇಲೆ ಅದು ಕೊಕ್ಕರೆಯದಕ್ಕೆ ಕೂರುವುದಿಲ್ಲ, ಎಂದೂ ಕೂರುವುದಿಲ್ಲ. ಈಗಿನವರೆಗೆ ಎರಡು ತುಂಡೂ ಬೇರೆ ಬೇರೆ ಬೀದಿಯಲ್ಲಿದ್ದರೂ ಜೋಡಿಯೇ ಆಗಿದ್ದವು.

ಎಡ ಮೊಣಕೈಯನ್ನು ತನ್ನ ಪಕ್ಕೆಗೇ ಒತ್ತಿ ಹಿಡಿದಳು. ಹಲ್ಲು ಕಚ್ಚಿ ತಳ್ಳಿದಳು. ಕಬ್ಬಿಣ ಕಿರುಗುಟ್ಟಿತು, ಸಣ್ಣ ಪುಡಿ ಬಿತ್ತು. ಆಮೇಲೆ ಅಳು ಬಂತು, ಬರಲಿ ಎಂದು ಬಿಟ್ಟುಕೊಂಡು ಉಜ್ಜಿದಳು. ಅಳುತ್ತಿದ್ದರೂ ಅವತ್ತು ಅವಳ ಕೈ ಎಂದಿಗಿಂತ ನೆಟ್ಟಗೆ ಹೋಯಿತು ಅನ್ನುವುದು ಮಾತ್ರ ವಿಚಿತ್ರ. ಮೇಷ್ಟ್ರು ಒಂದು ಸಲ ಎದ್ದು ಬಂದು, ನೋಡಿ, ದೀಪದ ಸ್ವಿಚ್ಚು ಹಾಕಿ ಹೋದರು.

ಮುಂದಿನ ವರ್ಕ್‌ಶಾಪಿನ ದಿನ ಪಾಪಣ್ಣ ತನ್ನ ಮೊನೆ ತಂದು ಕೊಟ್ಟ. ಕೂಡಿಸಿ ಕಿಟಕಿಗೆ ಹಿಡಿದರು. ಕತ್ತಲೆ. ಮೇಷ್ಟ್ರು ಹ್ಞೂಂ ಎಂದು ಮುಂದಿನ ಜೋಡಿಯ ಕಡೆಗೆ ಹೋದರು. ಪಾಪಣ್ಣ ಮೊದಲ ಸಲ ತಪ್ಪು ತನ್ನದೆನ್ನದೆ ನಕ್ಕ. ನಗುತ್ತಲೇ ಅವನ ಕಣ್ಣು ಶೆಡ್ಡಿನ ಆಚೆ ಮೂಲೆಯ ಖಾಲಿ ವೈಸಿನ ಮೇಲೆ ಹೋಗಿ ಬಂತು. ಅವನ ಜೊತೆಗಾರನೂ ಬಿಟ್ಟುಹೋದವನೇ ಎನ್ನುವುದು ಮೆಣಸಿಗೆ ಆಗ ಹೊಳೆಯಿತು. ಇಷ್ಟು ದಿನ ಕೇಳಿಯೇ ಇರಲಿಲ್ಲ.

"ಅವನು ಎಲ್ಲಿದಾನೆ ಈಗ?" ಕೇಳಿದಳು.

"ಊರಲ್ಲಿ. ಫೋನ್ ಎತ್ತಲ್ಲ," ಅಂದ ಪಾಪಣ್ಣ.

"ಹೋಗಿ ನೋಡ್ಕೊಂಡು ಬಾ."

ಆ ಸಂಜೆ ಮೆಣಸು ಮತ್ತೆ ಕಟ್ಟಿನ ಅಂಗಡಿಗೆ ಹೋದಳು. ತುಂಡನ್ನು ಮೇಷ್ಟ್ರನ್ನು ಕೇಳಿ ತಂದಿದ್ದಳು. ಅತ್ತೆ ಅವಳನ್ನು ನೋಡಿ ಮೊಳೆ ಕಚ್ಚಿದ ಬಾಯಿಂದಲೇ ಒಳಗೆ ಕೈ ತೋರಿಸಿದರು. ಕೊಕ್ಕರೆ ಯಾರದೋ ಮನೆಯ ಮಗುವಿನ ಫೋಟೋಗೆ ಗಾಜು ಕೂರಿಸುತ್ತಿದ್ದಳು. ಅದನ್ನು ಮುಗಿಸಿ, ಕೈ ಒರೆಸಿಕೊಂಡು, ಕಾಗದದ ಕಟ್ಟಿನ ಮೇಲಿನ ತನ್ನ ತುಂಡನ್ನು ಎತ್ತಿಕೊಂಡಳು. ಶನಿವಾರದ ಮಾತು ಇಬ್ಬರೂ ಎತ್ತಲಿಲ್ಲ.

ಕೂಡಿಸಿದರು. ಟಕ್ ಎನ್ನಲಿಲ್ಲ. ಎಡಗಡೆಯ ದಪ್ಪ ಒಳಗೆ ಇಳಿಯದೆ ತಡೆಯಿತು. ಕೊಕ್ಕರೆ ಕಿಟಕಿಗೆ ಹಿಡಿದಾಗ ಸಂಜೆಯ ಬಿಸಿಲು ಸಂದಿಯಲ್ಲಿ ಧಾರಾಳವಾಗಿ ಬಂದು ಅವಳ ಕೆನ್ನೆಯ ಮೇಲೆ ಒಂದು ಗೆರೆ ಎಳೆಯಿತು.

"ನೆಟ್ಟಗೆ ಮಾಡಿದೀಯ," ಅಂದಳು. "ಚೆನ್ನಾಗಿ ಮಾಡಿದೀಯ."

"ನಿನ್ನದನ್ನೂ ಸರಿ ಮಾಡು," ಅಂದಳು ಮೆಣಸು. ಚೀಲದಲ್ಲಿ ಅವಳು ಒಂದು ಸಣ್ಣ ಅರವನ್ನೂ ತಂದಿದ್ದಳು. ತೆಗೆದು ಮೇಜಿನ ಮೇಲಿಟ್ಟಳು. "ಆ ಜಾಸ್ತಿ ಇರೋದನ್ನ ಉಜ್ಜಿದ್ರೆ ಆಯ್ತು. ಮತ್ತೆ ಕೂರುತ್ತೆ. ನಿನಗೆ ಎಷ್ಟೊತ್ತಿನ ಕೆಲಸ."

ಕೊಕ್ಕರೆ ಅರವನ್ನು ಎತ್ತಿಕೊಂಡಳು, ಅದರ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದು ನೋಡಿದಳು, ಮತ್ತೆ ಮೆಣಸಿನ ಕೈಗೇ ಕೊಟ್ಟಳು. ಆಮೇಲೆ ತನ್ನ ಮೊನೆಯ ಆ ದಪ್ಪ ಮಗ್ಗುಲನ್ನು ಸವರಿದಳು. ಒಂದು ಮಧ್ಯಾಹ್ನ ತಾನು ನೀರು ಕುಡಿಯಲು ಹೋಗಿದ್ದಾಗ ಮೆಣಸು ಭರದಲ್ಲಿ ಎಷ್ಟು ತಪ್ಪಿದ್ದಳೋ, ಅಲ್ಲಿ ಅಷ್ಟೇ ಕಬ್ಬಿಣ ಇತ್ತು.

"ಬೇಡ," ಅಂದಳು. "ನೀನು ಸರಿಹೋದ್ಯಲ್ಲ, ಸಾಕು. ನಿನ್ನ ತಪ್ಪು ನನ್ನ ಹತ್ರ ಇರ್ಲಿ."

ತುಂಡನ್ನು ಕಾಗದದ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ಮೆಣಸಿಗೆ ಕೂರಲು ಸ್ಟೂಲು ಎಳೆದುಕೊಟ್ಟಳು.